ಮೂಲೆಯ ಕಂಬದ ಕೆಳಗಿನ ಹಳದಿ ಚೀಲ

ಬೆಳಗ್ಗೆ ಆರೂಕಾಲಿಗೆ ಆ ಬೀದಿಯಲ್ಲಿ ಸೀಟಿ ಕೇಳಿಸಿತೆಂದರೆ ಅಲ್ಲಿಯವರೆಗೆ ಮಗ್ಗುಲು ಬದಲಿಸುತ್ತ ಮಲಗಿದ್ದ ಗಂಡಸರೆಲ್ಲ ಬಕೆಟ್ಟು ಹಿಡಿದು ಬಾಗಿಲಿಗೆ ಓಡುತ್ತಿದ್ದರು. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ ಎಂದಿದ್ದರೂ ಅವರು ಅಷ್ಟು ಚುರುಕಾಗಿ ಏಳುತ್ತಿರಲಿಲ್ಲ. ಎಡಗಡೆಯ ಪಕ್ಕವೋ ಬಲಗಡೆಯ ಪಕ್ಕವೋ ಎಂದು ಮೊದಲು ವಿಚಾರಿಸುತ್ತಿದ್ದರು. ಸೀಟಿಯ ವಿಷಯದಲ್ಲಿ ಮಾತ್ರ ವಿಚಾರಣೆಯಿಲ್ಲ. ಒಂದು ಸೀಟಿ ಎಂದರೆ ಗಾಡಿ ಬೀದಿಗೆ ಬಂದಿದೆ. ಎರಡು ಸೀಟಿ ಎಂದರೆ ನಿಮ್ಮ ಮನೆಯ ಮುಂದೆ ನಿಂತಿದೆ. ಮೂರನೆಯ ಸೀಟಿ ಇಲ್ಲ. ಅದರ ಬದಲು ಸೀಟಿಯಕ್ಕ ಬಾಯಿ ತೆರೆಯುತ್ತಿದ್ದಳು. ಒಂದು ಸಲ ಅದನ್ನು ಕೇಳಿಸಿಕೊಂಡವರು ಆಮೇಲೆ ಎರಡನೆಯ ಸೀಟಿಗೇ ಗೇಟಿನಲ್ಲಿರುತ್ತಿದ್ದರು.

ಸೀಟಿಯಕ್ಕ ನಗರಸಭೆಯ ಕಸದ ಗಾಡಿಯವಳು. ಆ ಬೀದಿಯ ನಲವತ್ತೊಂದು ಮನೆಗಳ ಕಸವನ್ನು ಇಪ್ಪತ್ತೆರಡು ವರ್ಷಗಳಿಂದ ಎತ್ತುತ್ತಿದ್ದಳು. ತಳ್ಳುಗಾಡಿಯಲ್ಲಿ ಹಸಿ ಕಸಕ್ಕೆ ಹಸಿರು ಡ್ರಮ್ಮು, ಒಣ ಕಸಕ್ಕೆ ನೀಲಿ ಡ್ರಮ್ಮು, ಒಡೆದ ಗಾಜು, ಸತ್ತ ಬ್ಯಾಟರಿ, ತಾರೀಕು ಮುಗಿದ ಮಾತ್ರೆಗಳಿಗೆ ಹಿಡಿಕೆಯ ಕೆಳಗೆ ತೂಗುಹಾಕಿದ ಕೆಂಪು ಡಬ್ಬ. ಸೀಟಿ ಮಾತ್ರ ನಗರಸಭೆಯದಲ್ಲ, ಗಂಡನದು. ಗಂಡ ಬಸ್ ಕಂಡಕ್ಟರು; ಹೊಸ ಸೀಟಿ ಸಿಕ್ಕಾಗ ಹಳೆಯದನ್ನು ಹೆಂಡತಿಗೆ ಕೊಟ್ಟಿದ್ದರು. ಮದುವೆಯಾದ ಮೇಲೆ ಅವರು ಕೊಟ್ಟ ಉಡುಗೊರೆಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಅದೊಂದೇ ಎಂದು ಅವಳು ಹೇಳಿಕೊಳ್ಳುತ್ತಿದ್ದಳು.

ನಾವೆಲ್ಲ ನಮ್ಮ ಗುಟ್ಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಅದಕ್ಕಿಂತ ದೊಡ್ಡ ಗುಟ್ಟುಗಳನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ದಿನಾ ಬೆಳಗ್ಗೆ ನಾವೇ ಒಯ್ದು ಕಸದವರ ಕೈಗೆ ಕೊಡುತ್ತೇವೆ. ಡಾಕ್ಟರು ಸಿಹಿ ಮುಟ್ಟಬೇಡಿ ಎಂದಿದ್ದ ವಕೀಲರ ಮನೆಯಿಂದ ದಿನಪತ್ರಿಕೆಯ ಮಡಿಕೆಯೊಳಗೆ ಸುತ್ತಿದ ಚಾಕೊಲೇಟ್ ಕಾಗದಗಳು ಬರುತ್ತಿದ್ದವು. ವಕೀಲರ ಹೆಂಡತಿಗೆ ಅದು ಗೊತ್ತಿರಲಿಲ್ಲ. ಸೀಟಿಯಕ್ಕನಿಗೆ ಯಾವ ಬ್ರಾಂಡು ಎಂಬುದೂ ಗೊತ್ತಿತ್ತು. ಹದಿನಾಲ್ಕನೆಯ ಮನೆಯಲ್ಲಿ ಕತೆ ಬರೆಯುವವರೊಬ್ಬರಿದ್ದರು. ಬೀದಿಯಲ್ಲೇ ಅತಿ ಹೆಚ್ಚು ಒಣ ಕಸ ಅವರದು, ಎಲ್ಲ ಉಂಡೆ ಮಾಡಿದ ಹಾಳೆ. ಒಂದು ದಿನ ಅವಳು ಕೇಳಿಯೇಬಿಟ್ಟಳು: "ಸಾರ್, ಮೊದಲ್ನೇ ಸಾಲು ಎಲ್ಲಾದ್ರಲ್ಲೂ ಚೆನ್ನಾಗೇ ಇರತ್ತೆ. ಎರಡ್ನೇ ಸಾಲಿಗೆ ಏನಾಗತ್ತೆ ನಿಮಗೆ?" ಅವರು ಒಳಗೆ ಹೋಗಿ ಇನ್ನೊಂದು ಹಾಳೆಯನ್ನು ಉಂಡೆ ಮಾಡಿ ತಂದು ಕೊಟ್ಟರು. ಅದಕ್ಕೆ ಉತ್ತರ ಆ ಕಸುಬಿನ ಯಾರ ಹತ್ತಿರವೂ ಇರುವುದಿಲ್ಲ.

ಹಾಗೆಂದು ಅವಳು ಚಾಡಿಗಾರ್ತಿಯಲ್ಲ. ಒಂದು ಮನೆಯ ಕಸದ ಸುದ್ದಿಯನ್ನು ಇನ್ನೊಂದು ಮನೆಯ ಗೇಟಿಗೆ ಒಯ್ದವಳೇ ಅಲ್ಲ. ತನ್ನ ಮನೆಗಂತೂ ಸುತರಾಂ ಇಲ್ಲ. ಮದುವೆಯಾದ ಮೊದಲ ವಾರದಲ್ಲೇ ಗಂಡಹೆಂಡಿರ ನಡುವೆ ಒಪ್ಪಂದವೊಂದು ಆಗಿತ್ತು: ಅವರು ಬಸ್ಸನ್ನು ಮನೆಯೊಳಗೆ ತರಬಾರದು, ಅವಳು ಗಾಡಿಯನ್ನು ತರಬಾರದು. ಚಿಲ್ಲರೆಗಾಗಿ ಜಗಳವಾಡಿದ ಪ್ರಯಾಣಿಕರೂ, ಮೀನಿನ ಮುಳ್ಳನ್ನು ಒಣ ಕಸಕ್ಕೆ ಹಾಕಿದ ಮನೆಯವರೂ ಹೊಸಿಲಾಚೆಯೇ ಉಳಿಯಬೇಕು. ಊಟದ ಹೊತ್ತಿನಲ್ಲಿ ಹಾಗಾದರೆ ಏನು ಮಾತಾಡುತ್ತಿದ್ದರು ಎಂದು ಕೇಳಿದರೆ, ಬಹಳ ವರ್ಷ ಏನೂ ಮಾತಾಡುತ್ತಿರಲಿಲ್ಲ. ಸುಸ್ತಾಗಿರುತ್ತಿದ್ದರು, ಉಣ್ಣುತ್ತಿದ್ದರು, ಮಲಗುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ಕಂಡಕ್ಟರು ರಿಟೈರಾದರು. ಮೊದಲ ವಾರ ಮನೆಯ ಕುರ್ಚಿಗಳನ್ನು ಸಾಲಾಗಿ ಜೋಡಿಸಿದರು. ಎರಡನೆಯ ವಾರ ಎದುರು ಮನೆಯ ಮಕ್ಕಳಿಗೆ ಸಾಲಿನಲ್ಲಿ ನಿಲ್ಲುವುದು ಹೇಗೆಂದು ಕಲಿಸಿದರು. ಮೂರನೆಯ ವಾರ ಹೆಂಡತಿ ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಬಂದಾಗ ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು ಒಲೆಯ ಮುಂದೆ ನಿಂತಿದ್ದರು.

"ಇವತ್ತಿಂದ ಅಡಿಗೆಮನೆ ನನ್ನ ಡ್ಯೂಟಿ. ಅಡಿಗೆ, ಪಾತ್ರೆ, ಕಸ, ಎಲ್ಲಾ. ನೀನು ಈ ಕಡೆ ತಲೆ ಹಾಕ್ಬಾರ್ದು."

"ರೀ, ನಿಮಗೆ ನೀರು ಕಾಯಿಸೋಕೂ ಬರಲ್ವಲ್ರೀ."

"ಮೂವತ್ನಾಲ್ಕು ವರ್ಷ ಅರವತ್ತು ಸೀಟಿನ ಬಸ್ಸಲ್ಲಿ ನೂರಿಪ್ಪತ್ತು ಜನಾನ ಹಿಡಿಸಿದೀನಿ. ಒಂದು ಬಾಣಲೇಲಿ ನಾಕು ಬದನೆಕಾಯಿ ಹಿಡಿಸೋಕೆ ಬರಲ್ವಾ?"

ಮೊದಲ ಕೆಲವು ದಿನ ಬದನೆಕಾಯಿಗಳು ಅವರ ಮಾತು ಕೇಳಲಿಲ್ಲ. ಸೀಟಿಯಕ್ಕ ನೀರು ಕುಡಿಕುಡಿದು ನುಂಗಿದಳು. ಆಮೇಲೆ ಒಂದು ದಿನ ಊಟ ಇದ್ದಕ್ಕಿದ್ದಂತೆ ಚೆನ್ನಾಯಿತು. ಬರೀ ಚೆನ್ನಲ್ಲ, ಬೆರಳು ನೆಕ್ಕುವ ಹಾಗಾಯಿತು. ಬಿಸಿ ಅನ್ನ, ಹದವಾದ ಸಾರು, ಎಣ್ಣೆ ಬಿಡದ ಕಾಯಿಪಲ್ಯ. ಅವಳು ಎಡಗೈಯ ಬೆರಳು ಮಡಚಿ ಏನೋ ಎಣಿಸತೊಡಗಿದಳು. "ಏನಾಯ್ತೇ?" ಎಂದು ಕಂಡಕ್ಟರು ಗಾಬರಿಯಾದರು. "ಏನಿಲ್ರೀ. ನಾನು ಮಾಡದೇ ಇರೋ ಊಟಾನ ಬಿಸಿಬಿಸಿ ಉಂಡು ಎಷ್ಟು ವರ್ಷ ಆಯ್ತು ಅಂತ ಲೆಕ್ಕ ಹಾಕ್ತಿದ್ದೆ. ಲೆಕ್ಕಕ್ಕೇ ಸಿಕ್ತಿಲ್ಲ" ಎಂದಳು. ಕಂಡಕ್ಟರು ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು.

ಮರುದಿನ ಬೀದಿಯ ನಲವತ್ತೊಂದು ಗೇಟುಗಳಲ್ಲೂ ಈ ಸುದ್ದಿ ಹರಡಿತು. ಪರರ ಗುಟ್ಟಿಗೆ ಬಾಯಿಗೆ ಬೀಗ, ಗಂಡನ ಕೈರುಚಿಗೆ ಬೀಗವೇಕೆ? ಬೀದಿಯ ಹೆಂಗಸರು ತಂತಮ್ಮ ಗಂಡಂದಿರನ್ನು ಬೇರೆ ದೃಷ್ಟಿಯಿಂದ ನೋಡತೊಡಗಿದರು. ಕಂಡಕ್ಟರ ಮೇಲೆ ಬೀದಿಯ ಗಂಡಸರಿಗೆ ಆಗ ಹುಟ್ಟಿದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಈ ಸುಖದ ನಡುವೆಯೇ ಹಳದಿ ಚೀಲ ಬಂದದ್ದು.

ಬೀದಿಯ ಮೂಲೆಯ ದೀಪದ ಕಂಬದ ಕೆಳಗೆ ಒಂದು ಬೆಳಗ್ಗೆ ಅದು ಕೂತಿತ್ತು. ಬಿಚ್ಚಿ ನೋಡಿದರೆ ಸೀಟಿಯಕ್ಕನಿಗೆ ತಲೆ ತಿರುಗಿತು. ಕರಕಲಾದ ಅನ್ನ, ಹಾಲಿನ ಪ್ಯಾಕೆಟ್ಟು, ಮೊಟ್ಟೆಯ ಚಿಪ್ಪು, ಹೋಟೆಲಿನ ಪಾರ್ಸೆಲ್ ಡಬ್ಬಗಳು, ಅವುಗಳೊಳಗೆ ತರಕಾರಿ ಸಿಪ್ಪೆ, ಎಲ್ಲದರ ಮೇಲೆ ಚಹಾದ ಚರಟ. ಹಸಿಯೂ ಒಣವೂ ಅಪ್ಪಿಕೊಂಡು ಕೂತಿದ್ದವು. ಆ ಬೀದಿಯಲ್ಲಿ ಇಂಥದ್ದನ್ನು ನೋಡಿ ಹತ್ತು ವರ್ಷವಾಗಿತ್ತು. ಮೊದಮೊದಲು "ಕಸಕ್ಕೂ ಬೇರೆಬೇರೆ ಕೋಣೆ ಬೇಕೇನೇ?" ಎಂದು ಮೂರು ವರ್ಷ ಜಗಳವಾಡಿದ್ದ ಮೂಲೆಮನೆಯ ಅಜ್ಜಿ ಕೂಡ ಈಗ ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಹಗ್ಗದ ಮೇಲೆ ಕ್ಲಿಪ್ಪು ಹಾಕಿ ಒಣಗಿಸುತ್ತಿದ್ದಳು, ಹೊಸದಾಗಿ ಬಂದ ನೆಂಟರು ಅವು ಯಾರ ಬಟ್ಟೆ ಎಂದು ಕೇಳುತ್ತಿದ್ದರು.

ಮೊದಲ ಚೀಲವನ್ನು ಸೀಟಿಯಕ್ಕ ಯಾರಿಗೂ ಹೇಳದೆ ತಾನೇ ವಿಂಗಡಿಸಿ ಡ್ರಮ್ಮುಗಳಿಗೆ ಹಾಕಿದಳು. ಎರಡನೆಯದನ್ನು ಅವಳಿಗಿಂತ ಮುಂಚೆ ಮೇಸ್ತ್ರಿ ನೋಡಿದ. ಮೂರನೆಯದನ್ನೂ ಅವನೇ ನೋಡಿದ. ಮೇಸ್ತ್ರಿ ಎಂದರೆ ಗಾಡಿಯವರ ಮೇಲಿನ ಉಸ್ತುವಾರಿ, ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಕೆಟ್ಟವನಲ್ಲ. ಆದರೆ ಕೈಯಲ್ಲಿ ಪ್ಯಾಡು, ಪ್ಯಾಡಿನಲ್ಲಿ ಹೊಸ ನಿಯಮದ ಕಾಗದ ಇದ್ದವನು.

"ಅಕ್ಕಾ, ನನ್ನ ಬೈಬೇಡಿ, ಆಫೀಸಿನೋರು ಮಾಡಿರೋದು" ಎಂದು ಓದಿ ಹೇಳಿದ. "ವಾರಸುದಾರರಿಲ್ಲದ ಬೆರಕೆ ಚೀಲ ಒಂದು ಬೀದೀಲಿ ಮೂರು ಸಲ ಸಿಕ್ಕಿದ್ರೆ, ಆ ಬೀದಿಗೆ ಮನೆಮನೆ ಗಾಡಿ ಬಂದ್. ಮೂಲೇಲಿ ಒಂದು ಕಬ್ಬಿಣದ ತೊಟ್ಟಿ ಇಡ್ತಾರೆ. ಗಾಡಿಯವರನ್ನ ಶೆಡ್ಡಿಗೆ ಹಾಕ್ತಾರೆ. ನಿಮ್ಮ ಬೀದೀದು ನಾನು ಎರಡು ಬರ್ದಾಗಿದೆ. ಇನ್ನೊಂದೇ ಬಾಕಿ."

"ವಾರಸುದಾರರು ಸಿಕ್ಕಿದ್ರೆ?"

"ಸಿಕ್ಕಿ, ಅವರೇ ನನ್ನ ಕಣ್ಮುಂದೆ ವಿಂಗಡಿಸಿದ್ರೆ ಬೀದಿ ಮೇಲೆ ಬರಲ್ಲ. ಮುಂಚಿನ ಎರಡನ್ನೂ ಹೊಡೆದ್ಹಾಕ್ತೀನಿ. ಹಿಡೀರಿ ಅಕ್ಕ. ನಲವತ್ತೊಂದು ಮನೆ ಮೂಗಲ್ಲೇ ಗೊತ್ತು ಅಂತೀರಲ್ಲ."

ಶೆಡ್ಡು ಸೀಟಿಯಕ್ಕನಿಗೆ ಹೊಸದಲ್ಲ. ಮೂರು ವರ್ಷದ ಹಿಂದೆ ಕಾಲು ಉಳುಕಿದಾಗ ಎರಡು ವಾರ ಅಲ್ಲಿ ಕೂತು ಕೆಲಸ ಮಾಡಿದ್ದಳು. ಊರಿನ ಕಸವೆಲ್ಲ ವಿಂಗಡಣೆಗೆಂದು ಬೆಲ್ಟಿನ ಮೇಲೆ ಹರಿದು ಬರುತ್ತಿತ್ತು. ಯಂತ್ರದ ಸದ್ದಿಗೆ ಎಲ್ಲರೂ ಕಿವಿಗೆ ಹತ್ತಿ ತುರುಕಿಕೊಂಡಿರುತ್ತಿದ್ದರು. ಯಾರೂ "ಅಕ್ಕಾ, ಮೊಣಕಾಲು ಹೇಗಿದೆ?" ಎಂದು ಕೇಳುವಂತಿರಲಿಲ್ಲ, ಕೇಳಿದರೂ ಕೇಳಿಸುತ್ತಿರಲಿಲ್ಲ. ಯಾರ ಮನೆಯದೆಂದು ಗೊತ್ತಿಲ್ಲದ ಕಸ ಅದು; ಮುಖವಿಲ್ಲದ ಕಸ. ಎರಡು ವಾರ ಮುಗಿಸಿ ಬೀದಿಗೆ ಮರಳಿದ ದಿನ ಅವಳು ಮೊದಲ ಗೇಟಿನಿಂದ ಕೊನೆಯ ಗೇಟಿನವರೆಗೆ ಬಿಡದೆ ಮಾತಾಡಿದ್ದಳು. ಇನ್ನು ಏಳು ವರ್ಷದ ಕೆಲಸವನ್ನು ಆ ಬೆಲ್ಟಿನ ಮುಂದೆ ಕಳೆಯುವುದು ಅವಳಿಂದ ಆಗುವ ಮಾತಾಗಿರಲಿಲ್ಲ.

ಬೀದಿಯೂ ಎಚ್ಚೆತ್ತಿತು. ತೊಟ್ಟಿ ಯಾರ ಗೇಟಿನ ಮುಂದೆ ಬರುತ್ತದೆ ಎಂಬ ಪ್ರಶ್ನೆ ಎದ್ದ ಕೂಡಲೇ ಎಲ್ಲರಿಗೂ ಸೀಟಿಯಕ್ಕನ ಮೇಲೆ ವಿಪರೀತ ಪ್ರೀತಿ ಉಕ್ಕಿತು. ಮೂಲೆಮನೆಯ ಅಜ್ಜಿಗೆ ಹೇಗೂ ಬೆಳಗಿನ ಜಾವ ನಿದ್ದೆ ಬರುವುದಿಲ್ಲವಾದ್ದರಿಂದ ಕಂಬದ ಕಾವಲನ್ನು ಆಕೆಗೆ ಒಪ್ಪಿಸಿದರು. ವಕೀಲರು ಸಾಕ್ಷಿ, ಪುರಾವೆ ಎಂದು ಅರ್ಧ ಗಂಟೆ ಮಾತಾಡಿದರು.

"ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ಮಹಡಿ ರೂಮಿನ ಬ್ರಹ್ಮಚಾರೀದೇ ಈ ಕೆಲ್ಸ" ಎಂದು ಮುಗಿಸಿದರು.

ಮಹಡಿ ರೂಮಿನಲ್ಲಿ ಇದ್ದವನು ಮೂವತ್ತು ವರ್ಷದ ಒಬ್ಬ ಬ್ಯಾಂಕ್ ಗುಮಾಸ್ತ. ಬಂದು ಆರು ತಿಂಗಳಾಗಿತ್ತು. ಪಾರ್ಸೆಲ್ ತರಿಸಿ ತಿನ್ನುತ್ತಿದ್ದುದೂ ನಿಜ. ಆದರೆ ಅವನ ಕಸ ಸೀಟಿಯಕ್ಕನಿಗೆ ಗೊತ್ತಿತ್ತು. ಡಬ್ಬಗಳನ್ನು ತೊಳೆದು ಒಂದರೊಳಗೊಂದು ಕೂರಿಸಿ ಕೊಡುವ ಹುಡುಗ ಅವನು.

"ಅವನದಲ್ಲ ಬಿಡಿ ವಕೀಲ್ರೇ" ಎಂದಳು. "ಈ ಚೀಲದೋನು ಬೇರೆ ಥರದ ಮನುಷ್ಯ. ಅಡಿಗೆ ಮಾಡೋಕೆ ಹೋಗ್ತಾನೆ, ಸೀಯಿಸ್ಕೋತಾನೆ, ಆಮೇಲೆ ಹೋಟ್ಲಿಂದ ತರಿಸ್ಕೋತಾನೆ. ಎರಡನ್ನೂ ಒಟ್ಟಿಗೆ ಕಟ್ಟಿ ಕದ್ದು ಎಸೀತಾನೆ. ಅಂದ್ರೆ ಮನೇಲಿ ಯಾರಿಗೋ ಸುಳ್ಳು ಹೇಳ್ತಿದಾನೆ. ಇವನ್ನ ಕಟ್ಕೊಂಡೋಳ ಹಣೆಬರಹ ಯಾರಿಗೂ ಬೇಡ."

"ಎಲ್ಲಾರೂ ನಿನ್ನ ಗಂಡನ ಹಾಗೆ ಇರ್ತಾರೇನೇ?" ಎಂದಳು ಅಜ್ಜಿ.

"ಅದೂ ಸರೀನೇ. ಆದ್ರೆ ಕೈಗೆ ಸಿಗ್ಲಿ ಅವನು. ಈ ಕಂಬದ ಕೆಳಗೇ ಕೂರಿಸಿ, ಬೀದಿ ಜನಾನೆಲ್ಲ ಕರೆಸಿ, ಒಂದೊಂದು ಸಿಪ್ಪೇನೂ ಅವನ ಕೈಲೇ ಆರಿಸ್ತೀನಿ. ನೋಡ್ತಿರಿ!"

ಬೀದಿ ಚಪ್ಪಾಳೆ ತಟ್ಟಿತು. ಮನೆಗೆ ಹೋದ ಮೇಲೆ ಅವಳು ಈ ಬಗ್ಗೆ ತುಟಿ ಬಿಚ್ಚಲಿಲ್ಲ. ಒಪ್ಪಂದ ಒಪ್ಪಂದವೇ. ಕಂಡಕ್ಟರು ಬಡಿಸಿದ ಊಟವನ್ನು ಎಂದಿನಂತೆ ಹೊಗಳಿ ಉಂಡಳು, ಆದರೆ ಮುಖ ಸಪ್ಪಗಿತ್ತು. ಕಂಡಕ್ಟರು ಅದನ್ನು ನೋಡಿ, ಅಡಿಗೆಯಲ್ಲಿ ಏನೋ ಕಡಿಮೆಯಾಯಿತೆಂದು ತಿಳಿದು, ಮರುದಿನ ಇನ್ನೂ ಒಂದು ಬಗೆ ಜಾಸ್ತಿ ಬಡಿಸಿದರು.

ಆರನೆಯ ದಿನ ಬೆಳಗ್ಗೆ ಅವಳು ಬೀದಿಗೆ ತಿರುಗುವಾಗಲೇ ಕಂಬದ ಸುತ್ತ ಜನ ನಿಂತಿದ್ದರು. ಮೇಸ್ತ್ರಿಯ ಸೈಕಲ್ಲು ಗೋಡೆಗೆ ಒರಗಿತ್ತು. ಹಳದಿ ಚೀಲ ನಡುವೆ ಕೂತಿತ್ತು.

"ಅಜ್ಜೀ, ಕಾವಲು?" ಎಂದು ಕೇಳಿದಳು ಸೀಟಿಯಕ್ಕ.

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದ್ದೆ ಕಣೇ! ಅನುಮಾನ ಪಡೋ ಅಂಥ ಒಂದು ನರಪಿಳ್ಳೆ ಬರಲಿಲ್ಲ."

ಮೇಸ್ತ್ರಿ ಪ್ಯಾಡು ತೆರೆದು ನಿಂತಿದ್ದ. ಅವನ ಮುಖದಲ್ಲೂ ಸಂತೋಷವಿರಲಿಲ್ಲ. "ಬಿಚ್ಚಿ ಅಕ್ಕ. ಏನಾದ್ರೂ ಗುರುತು ಸಿಗತ್ತಾ ನೋಡೋಣ. ಒಂದು ಚೀಟಿ, ಒಂದು ವಿಳಾಸ, ಏನಾದ್ರೂ."

ಸೀಟಿಯಕ್ಕ ಕೈಗವಸು ಹಾಕಿಕೊಂಡು, ಹಳೆಯ ಗೋಣಿ ಹಾಸಿ, ಚೀಲವನ್ನು ಅದರ ಮೇಲೆ ಸುರಿದಳು. ಸೀದ ಅನ್ನ. ಪಾರ್ಸೆಲ್ ಡಬ್ಬ ಮೂರು; ಹಿಂದಿನ ಸಲಕ್ಕಿಂತ ಒಂದು ಜಾಸ್ತಿ. ಈರುಳ್ಳಿ ಸಿಪ್ಪೆ. ಸವೆದು ಹೋದ ಪಾತ್ರೆ ತಿಕ್ಕುವ ನಾರು. ಯಾರೋ ತಳ ಹಿಡಿದ ಪಾತ್ರೆಯ ಜೊತೆ ಪ್ರಾಣ ಹೋಗುವ ಹಾಗೆ ಕುಸ್ತಿಯಾಡಿದ್ದರು. ಅದರ ಕೆಳಗೆ ಒಂದು ಮರದ ಸೌಟು. ಅರ್ಧ ಸುಟ್ಟಿತ್ತು. ಹಿಡಿಯ ಬಿರುಕಿಗೆ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಏಳು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ಮಡಚಿದ್ದರು.

ತಂತಿ ಸುತ್ತಿದ್ದು ಅವಳೇ. ಹಾಗೆ ತುದಿ ಮಡಚುವುದು ಅವಳೇ. ಆ ಸೌಟಿಗಾಗಿ ನಿನ್ನೆ ಅಡಿಗೆಮನೆಯಲ್ಲಿ ತಲೆ ಹಾಕಿದಾಗ, "ಪಕ್ಕದ ಮನೇವ್ರು ಇಸ್ಕೊಂಡ್ಹೋದ್ರು" ಎಂಬ ಉತ್ತರ ಸಿಕ್ಕಿತ್ತು.

ಇಪ್ಪತ್ತೆರಡು ವರ್ಷ ನಲವತ್ತೊಂದು ಮನೆಗಳ ಕಸವನ್ನು ಓದಿದವಳು ತನ್ನ ಮನೆಯ ಕಸವನ್ನು ಒಮ್ಮೆಯೂ ನೋಡಿರಲಿಲ್ಲ. ಮುಂಚೆ ಕಣ್ಣು ಮುಚ್ಚಿಕೊಂಡು ತಾನೇ ಬೇರೆ ಮಾಡಿ ಇಡುತ್ತಿದ್ದಳು; ಈಗ ಅದು ಗಂಡನ ಡ್ಯೂಟಿ. ಅವಳು ಗೋಣಿಯ ಮುಂದೆ ಕೂತಲ್ಲೇ ಕೂತಳು. ಮನಸ್ಸಿನಲ್ಲಿ ಒಂದರ ಹಿಂದೊಂದು ಊಟದ ತಟ್ಟೆಗಳು ಹಾದುಹೋದವು. ಹದವಾದ ಸಾರು. ಎಣ್ಣೆ ಬಿಡದ ಪಲ್ಯ. ಗೇಟುಗೇಟಿಗೆ ಹೋಗಿ ತಾನು ಕೊಚ್ಚಿಕೊಂಡದ್ದು. ಕಟ್ಟಿಕೊಂಡವಳ ಹಣೆಬರಹ.

"ಏನಾದ್ರೂ ಗುರುತು?" ಮೇಸ್ತ್ರಿ ಬಗ್ಗಿದ.

"ನೋಡಿ, ಮೂರು ಪಾರ್ಸೆಲ್ ಡಬ್ಬ!" ಎಂದರು ವಕೀಲರು. "ನಾನು ಅವತ್ತೇ ಹೇಳಲಿಲ್ವಾ?"

ಎಲ್ಲರೂ ಮಹಡಿ ರೂಮಿನವನ ಕಡೆ ತಿರುಗಿದರು. ಅವನು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕೆಳಗೆ ಬಂದಿದ್ದ. ಸೀಟಿಯಕ್ಕನ ಬಿಳುಚಿದ ಮುಖ ನೋಡಿದ, ಮೇಸ್ತ್ರಿಯ ಪ್ಯಾಡು ನೋಡಿದ, ಬ್ರಷ್ಷು ತೆಗೆದ.

"ಅಕ್ಕಾ, ನಂದು ಅಂತಲೇ ಬರ್ಕೊಳ್ಳಿ" ಎಂದ. "ಏನೀಗ? ಹತ್ತು ನಿಮಿಷದ ಕೆಲ್ಸ. ನಾನೇ ವಿಂಗಡಿಸಿಬಿಡ್ತೀನಿ. ನೀವು ಆ ಶೆಡ್ಡಿಗೆ ಹೋಗೋದು ಬೇಡ."

ಅವನು ಪ್ಯಾಂಟು ಮೇಲಕ್ಕೆ ಮಡಚತೊಡಗಿದ. ಮೇಸ್ತ್ರಿ ಪೆನ್ನು ಬಿಚ್ಚಿದ. ಬೀದಿಗೆ ಬೀದಿಯೇ ಉಸಿರು ಬಿಟ್ಟಿತು. ಸೀಟಿಯಕ್ಕ ಸುಮ್ಮನಿದ್ದರೆ ಸಾಕಿತ್ತು. ಬೀದಿ ಉಳಿಯುತ್ತಿತ್ತು, ಮಾನ ಉಳಿಯುತ್ತಿತ್ತು, ಸೌಟನ್ನು ಒಣ ಕಸಕ್ಕೆ ಹಾಕಿ ಮುಚ್ಚಿದರೆ ಗಂಡನ ಕೈರುಚಿಯೂ ಉಳಿಯುತ್ತಿತ್ತು. ಅಷ್ಟೊಂದು ಲಾಭವನ್ನು ಬರೀ ಬಾಯಿ ಮುಚ್ಚಿಕೊಂಡು ಗಳಿಸುವ ಅವಕಾಶ ಅವಳಂಥ ಮಾತುಗಾರ್ತಿಗೆ ಜೀವನದಲ್ಲಿ ಇನ್ನೊಮ್ಮೆ ಬರುವಂತಿರಲಿಲ್ಲ.

ಒಂದು ಕ್ಷಣ ಮುಚ್ಚಿಕೊಂಡಳು ಕೂಡ. ಆಮೇಲೆ ಆ ಗುಮಾಸ್ತ ಬಗ್ಗಿ, ಡಬ್ಬ ತೊಳೆದು ಕೂರಿಸುವ ಅದೇ ಕೈಯಿಂದ, ಸೀದ ಅನ್ನದ ಮುದ್ದೆಗೆ ಕೈ ಹಾಕಿದ.

"ಬಿಡಪ್ಪಾ ಅದನ್ನ" ಎಂದಳು. "ನಿನ್ನದಲ್ಲದ್ದನ್ನ ಯಾಕೆ ಮುಟ್ತೀಯ? ಮೇಸ್ತ್ರೀ, ಬರ್ಕೊಳ್ಳಿ. ಇದು ನಮ್ಮನೇದು."

"ಯಾರ ಮನೇದು?"

"ನಮ್ಮನೇದೇ ರೀ. ನಂದು. ನನ್ನ ಗಂಡಂದು. ಇದು ನನ್ನ ಸೌಟು."

ಮೊದಲು ನಕ್ಕದ್ದು ಅಜ್ಜಿ. "ಅಯ್ಯೋ ನನ್ನ ಬುದ್ಧಿಗಿಷ್ಟು! ಐದೂವರೆಗೆ ಕಂಡಕ್ಟ್ರು ಬಂದು ಚೀಲ ಇಟ್ಟಿದ್ದು ನಾನೇ ನೋಡಿದ್ನಲ್ಲೇ!"

"ಮತ್ತೆ ಹೇಳ್ಬಾರ್ದಾಗಿತ್ತಾ ಅಜ್ಜೀ!"

"ಅನುಮಾನ ಪಡೋ ಜನರನ್ನ ನೋಡು ಅಂದ್ರಿ. ನಿನ್ನ ಗಂಡನ ಮೇಲೆ ಯಾಕೆ ಅನುಮಾನ ಪಡ್ಲಿ? ನಿನಗೇ ತಿಂಡಿ ಇಟ್ಟು ಹೋದ ಅಂದ್ಕೊಂಡೆ. ನನ್ನ ಕಡೆ ನೋಡಿ ನಕ್ಕು, ಚೆನ್ನಾಗಿದೀರಾ ಅಂತಲೂ ಕೇಳ್ದ ಕಣೇ!"

ಸೀಟಿಯಕ್ಕ ಫೋನು ತೆಗೆದಳು. "ರೀ, ನಮ್ಮ ಬೀದಿ ಮೂಲೆಗೆ ಬನ್ನಿ. ಈಗ್ಲೇ. ಟವೆಲ್ಲು ಬಿಚ್ಚೋದೇನೂ ಬೇಡ."

ಹಿಂದಿನ ಓಣಿಯಲ್ಲೇ ಮನೆ. ಕಂಡಕ್ಟರು ಐದು ನಿಮಿಷದಲ್ಲಿ ಬಂದರು. ಜನದ ಗುಂಪು ನೋಡಿ ಅಭ್ಯಾಸಬಲದಿಂದ "ದಾರಿ ಬಿಡಿ, ದಾರಿ ಬಿಡಿ, ಒಳಗೆ ಜಾಗ ಇದೆ" ಎನ್ನುತ್ತಲೇ ನುಗ್ಗಿದರು. ಒಳಗೆ ನಿಜಕ್ಕೂ ಜಾಗವಿತ್ತು. ಗೋಣಿಯೂ, ಅದರ ಮೇಲೆ ಅವರ ಮೂರು ತಿಂಗಳ ಸಂಸಾರದ ಗುಟ್ಟೂ ಹರಡಿಕೊಂಡಿದ್ದವು. ಅವರು ಸೌಟು ನೋಡಿದರು. ಹೆಂಡತಿಯನ್ನು ನೋಡಿದರು. ಕಾಲಿಗೆ ಬುದ್ಧಿ ಹೇಳೋಣವೆಂದರೆ ಹಿಂದೆ ನಲವತ್ತು ಜನ.

"ನಂದೇ" ಎಂದರು.

"ಅದು ಗೊತ್ತಾಯ್ತು. ಇಲ್ಲಿಗೆ ಯಾಕ್ರೀ ತಂದು ಹಾಕಿದ್ರಿ?"

"ಇಷ್ಟು ದಿನ ಹೋಟ್ಲಿನ ತೊಟ್ಟಿಗೇ ಹಾಕ್ತಿದ್ದೆ, ಈಗ ಅವರು ಬೇಡ ಅಂದ್ರು. ಮನೇಲಿ ಇಟ್ರೆ ನಮ್ಮ ಓಣಿ ಗಾಡಿಯೋನ ಕೈಗೆ ಹೋಗತ್ತೆ. ಅವನು ಹತ್ತು ನಿಮಿಷದಲ್ಲಿ ನಿನ್ನ ಕಿವಿಗೆ ಮುಟ್ಟಿಸ್ತಾನೆ. ಇಲ್ಲಾದ್ರೆ ನಿನ್ನ ಬೀದಿ. ಬೇರೆಯೋರ ತಲೆ ಮೇಲೆ ಯಾಕೆ ಹಾಕೋದು, ನಮ್ಮೋಳ ಗಾಡೀಗೇ ಹೋಗ್ಲಿ ಅಂತ…"

"ನನ್ನ ಕೆಲ್ಸಾನೇ ಹೋಗ್ತಿತ್ತು!"

ಮೇಸ್ತ್ರಿ ನಿಯಮದ ಕಾಗದವನ್ನು ಇನ್ನೊಮ್ಮೆ ಓದಿದ. ಕೇಳುತ್ತ ಕೇಳುತ್ತ ಕಂಡಕ್ಟರ ಮೈಯಿಂದ ಮೂವತ್ತನಾಲ್ಕು ವರ್ಷದ ಗತ್ತು ಸ್ಟಾಪು ಬಂದ ಹಾಗೆ ಇಳಿದುಹೋಯಿತು. "ನನಗೇನು ಗೊತ್ತೇ? ನೀನು ಮನೇಲಿ ಒಂದು ಮಾತಾದ್ರೂ ಹೇಳಿದ್ಯಾ?" ಎಂದರು.

"ಗಾಡಿ ಮನೆಗೆ ತರ್ಬಾರ್ದು ಅಂತ ಹೇಳಿದ್ದು ಯಾರು?"

ಕಂಡಕ್ಟರು ಗೋಣಿಯ ಮುಂದೆ ಮೊಣಕಾಲೂರಿ ಕೂತು, ಗಾಡಿಯಲ್ಲಿದ್ದ ಇನ್ನೊಂದು ಜೊತೆ ಕೈಗವಸು ಹಾಕಿಕೊಂಡರು. ಬೀದಿ ನೋಡುತ್ತ ನಿಂತಿತು. ಮೊಟ್ಟೆಚಿಪ್ಪು ಎತ್ತಿ ನೀಲಿ ಡ್ರಮ್ಮಿನ ಕಡೆ ಹೋದರು. "ಹಸೀಈ!" ಎಂದು ನಲವತ್ತು ಬಾಯಿ ಒಟ್ಟಿಗೆ ಕೂಗಿದವು. ಹಸಿರಿನ ಕಡೆ ತಿರುಗಿದರು. ಚಹಾದ ಚರಟ ಹಸಿರಿಗೆ. ಹಾಲಿನ ಪ್ಯಾಕೆಟ್ಟು ನೀಲಿಗೆ ಹೋಗುವಷ್ಟರಲ್ಲಿ ಅಜ್ಜಿ ತಡೆದಳು: "ತೊಳೀದೇ ಹಾಕ್ತೀಯೇನೋ? ಕೊಡಿಲ್ಲಿ." ಸೀದ ಅನ್ನವನ್ನು ಕೈಯಲ್ಲಿ ಹಿಡಿದು ಅವರು ದೀನರಾಗಿ ಕೇಳಿದರು: "ಇದು ಹಸೀನಾ, ಒಣಾನಾ?"

"ಅದು ಇದ್ದಿಲು ಸಾರ್" ಎಂದ ಗುಮಾಸ್ತ. ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜಾಸ್ತಿ ನಕ್ಕವರು ಬೀದಿಯ ಗಂಡಸರು. ಮೂರು ತಿಂಗಳಿಂದ ದಿನಾ ಊಟದ ಹೊತ್ತಿಗೆ ಕಂಡಕ್ಟರ ಹೆಸರು ಕೇಳಿ ಕೇಳಿ ಬೆಂದಿದ್ದ ಅವರಿಗೆ ಅಂದು ಬೆಳಗು ನಿಜವಾಗಿಯೂ ಬೆಳಗಾಯಿತು. ವಕೀಲರು ತಮ್ಮ ಹೆಂಡತಿಯನ್ನು ಕರೆದು ತೋರಿಸಿದರು. ಸೀಟಿಯಕ್ಕ ವಕೀಲರನ್ನು ಒಮ್ಮೆ ಸುಮ್ಮನೆ ನೋಡಿದಳು. ವಕೀಲರು ನಗುವುದನ್ನು ನಿಲ್ಲಿಸಿದರು.

ಕೊನೆಯ ಸಿಪ್ಪೆ ಡ್ರಮ್ಮಿಗೆ ಬಿದ್ದ ಮೇಲೆ ಮೇಸ್ತ್ರಿ ಪ್ಯಾಡಿನಲ್ಲಿ ಹಿಂದಿನ ಎರಡು ಸಾಲುಗಳನ್ನು ಅಡ್ಡ ಗೀಟು ಹಾಕಿ ಹೊಡೆದ. ವಾರಸುದಾರರ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದ. "ಗಾಡಿಯವಳ ಮನೆ ಅಂತ ಬರೀರಿ" ಎಂದಳು ಸೀಟಿಯಕ್ಕ. "ಆಫೀಸಲ್ಲಿ ನಗ್ತಾರಲ್ಲ ಅಕ್ಕ?" "ನಗ್ಲಿ. ಶೆಡ್ಡಲ್ಲಿ ಯಾರೂ ನಗಲ್ಲ. ಅಲ್ಲಿಗಿಂತ ವಾಸಿ." ಮೇಸ್ತ್ರಿ ಬರೆದ, ಆಫೀಸಿನಲ್ಲಿ ಒಂದು ವಾರ ನಕ್ಕರು, ಗಾಡಿ ಬೀದಿಯಲ್ಲೇ ಉಳಿಯಿತು.

ಅಂದು ಮಧ್ಯಾಹ್ನ ಎರಡು ಗಂಟೆಗೆ ಅವಳು ಮನೆಗೆ ಬಂದಾಗ ಅಡಿಗೆಮನೆಯಲ್ಲಿ ಏನೂ ಇರಲಿಲ್ಲ, ಮೂಲೆಯ ಕುರ್ಚಿಯಲ್ಲಿ ಕಂಡಕ್ಟರು ಮಾತ್ರ ಇದ್ದರು.

"ಎಷ್ಟು ದಿನದಿಂದ?" ಎಂದಳು.

"ಬಿಸಿ ಊಟ ಉಂಡು ಎಷ್ಟು ವರ್ಷ ಆಯ್ತು ಅಂದ್ಯಲ್ಲ, ಅವತ್ತಿಂದ. ಅವತ್ತು ಸೀದುಹೋಯ್ತು ಅಂತ ಒಂದೇ ಒಂದು ದಿನಕ್ಕೆ ತಂದಿದ್ದೆ ಕಣೇ, ದೇವರಾಣೆಗೂ. ಸಂಜೆ ಹೇಳಿಬಿಡೋಣ ಅಂತಿದ್ದೆ. ಅಷ್ಟ್ರಲ್ಲಿ ನೀನು ಹಾಗಂದೆ." ಸ್ವಲ್ಪ ಹೊತ್ತು ಟವೆಲ್ಲಿನ ಅಂಚು ಸುತ್ತಿದರು. "ದಿನಾ ನಾನೇ ಮಾಡೋಕೆ ನೋಡ್ತಿದ್ದೆ. ಒಂದಿನ ಆದ್ರೂ ಸರಿಯಾಗತ್ತೆ, ಆಗ ಹೋಟ್ಲು ಬಿಡೋಣ ಅಂತ."

ಸೀಟಿಯಕ್ಕನಿಗೆ ಬೈಯಲು ಇಡೀ ಬೀದಿಯಷ್ಟು ಉದ್ದದ ಮಾತು ಸಿದ್ಧವಿತ್ತು. ಅದರಲ್ಲಿ ಅರ್ಧದಷ್ಟು ಬೈದಳು. ಉಳಿದರ್ಧ ಯಾಕೋ ಬಾಯಿಗೆ ಬರಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಒಲೆಯ ಪಕ್ಕ ಕೂತಳು.

"ಏಳಿ. ಅನ್ನಕ್ಕಿಡಿ. ನಾನು ಇಲ್ಲೇ ಕೂತಿರ್ತೀನಿ. ಏನೂ ಹೇಳಲ್ಲ."

ಅಡಿಗೆಯ ಬಗ್ಗೆ ಏನೂ ಹೇಳಲಿಲ್ಲ. ಅದು ಅವಳ ಜೀವಮಾನದ ಅತಿ ಕಷ್ಟದ ನಲವತ್ತು ನಿಮಿಷ. ನೀರು ಕಡಿಮೆಯಾದಾಗ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಉರಿ ಜಾಸ್ತಿಯಾದಾಗ ಕಿಟಕಿಯ ಕಡೆ ತಿರುಗಿ ಹಕ್ಕಿ ನೋಡಿದಳು. ಕಂಡಕ್ಟರು ಒಲೆಯನ್ನು ಮರೆತು, ಆ ಐದು ಕಾವಲಿನ ದಿನಗಳಲ್ಲಿ ಬೀದಿಯಲ್ಲಿ ಏನೇನಾಯಿತು, ವಕೀಲರು ಏನೆಂದರು, ಶೆಡ್ಡು ಹೇಗಿರುತ್ತದೆ ಎಂದು ಒಂದೊಂದಾಗಿ ಕೇಳತೊಡಗಿದರು. ಅವಳು ಹೇಳಿದಳು. ಅವರೂ ಹಳೆಯ ಬಸ್ಸಿನ ಕತೆ ತೆಗೆದರು. ಮಾತು ಮುಗಿಯುವ ಮುಂಚೆ ತಳದಿಂದ ವಾಸನೆ ಬಂತು.

ಇಬ್ಬರೂ ಒಟ್ಟಿಗೆ ಪಾತ್ರೆಯೊಳಗೆ ಇಣುಕಿದರು. ಮೇಲಿನರ್ಧ ಬೆಳ್ಳಗಿತ್ತು. ಅದನ್ನು ಮೆಲ್ಲಗೆ ಎರಡು ತಟ್ಟೆಗೆ ಬಳಿದುಕೊಂಡು, ಉಪ್ಪಿನಕಾಯಿ ಹಾಕಿಕೊಂಡು ಉಂಡರು.

"ಹೇಗಿದೆಯೇ?" ಎಂದು ಕಂಡಕ್ಟರು ಕೇಳಿದರು.

"ಹೋಟ್ಲಷ್ಟು ಚೆನ್ನಾಗಿಲ್ಲ" ಎಂದು ಅವಳು ತಟ್ಟೆ ಮುಂದೆ ಚಾಚಿದಳು. "ಇನ್ನೊಂಚೂರು ಹಾಕಿ. ಕೆಳಗಡೇದು ಕೆರೀಬೇಡಿ."